ಮೂರು ವಾರದ ಸೊಂಟನೋವಿಗೆ ಈಗಲೇ ಎಂಆರ್‌ಐ ಮಾಡಿಸಬೇಕೇ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡಿರುವುದು ಹೀಗೆ. ನಿಮಗೆ 41 ವರ್ಷ. ಮೂರು ವಾರಗಳ ಹಿಂದೆ ತುಂಬಿದ ಗ್ಯಾಸ್ ಸಿಲಿಂಡರ್ ಎತ್ತುವಾಗ ಸೊಂಟದಲ್ಲಿ ಚಳುಕು ಹಿಡಿಯಿತು. ನೋವು ಬಲಗಡೆಯ ಪಿರ್ರೆಯವರೆಗೆ ಹರಡಿದೆ, ಮೊಣಕಾಲಿನಿಂದ ಕೆಳಗೆ ಇಳಿದಿಲ್ಲ. ಮೊದಲ ವಾರಕ್ಕಿಂತ ಕಡಿಮೆಯಾಗಿದ್ದರೂ ಪೂರ್ತಿ ಹೋಗಿಲ್ಲ. ಇದರ ಜೊತೆಗೆ ಒಂದು ವರ್ಷದಿಂದ ಆಗಾಗ ಕತ್ತುನೋವು ಬರುತ್ತದೆ. ವೈದ್ಯರು ಪರೀಕ್ಷಿಸಿ ‘ಸದ್ಯಕ್ಕೆ ಸ್ಕ್ಯಾನ್ ಬೇಡ’ ಎಂದಿದ್ದಾರೆ. ಮನೆಯವರು ಮಾತ್ರ ಇಡೀ ಬೆನ್ನುಮೂಳೆಯ ಎಂಆರ್‌ಐ ಮಾಡಿಸಿಬಿಡಿ ಎಂದು ಒತ್ತಾಯಿಸುತ್ತಿದ್ದಾರೆ. ವೈದ್ಯರು ನಿರ್ಲಕ್ಷ್ಯ ಮಾಡುತ್ತಿದ್ದಾರೆಯೇ ಎಂಬುದು ನಿಮ್ಮ ಅನುಮಾನ. ಹಿಂದೆ ಕೆಲವು ವರ್ಷ ಲೇತ್ ಮಷೀನಿನ ಮೇಲೆ ಕೆಲಸ ಮಾಡಿದ್ದಾಗಿಯೂ ಬರೆದಿದ್ದೀರಿ. ಆ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

ನಾನು ಹದಿನಾರು ವರ್ಷಗಳಿಂದ ಜಿಲ್ಲಾ ಕೇಂದ್ರವೊಂದರಲ್ಲಿ ರೇಡಿಯಾಲಜಿಸ್ಟ್ ಆಗಿದ್ದೇನೆ. ದಿನವೂ ಬೆನ್ನುಮೂಳೆಯ ಚಿತ್ರಗಳನ್ನು ನೋಡಿ ರಿಪೋರ್ಟ್ ಬರೆಯುವುದೇ ನನ್ನ ಜೀವನೋಪಾಯ. ಜನರು ಸ್ಕ್ಯಾನ್ ಮಾಡಿಸದಿದ್ದರೆ ನನಗೇನೂ ಲಾಭವಿಲ್ಲ. ಆದರೂ ಹೇಳುತ್ತೇನೆ: ನೀವು ಬರೆದಿರುವುದಿಷ್ಟೇ ತೊಂದರೆಯಾದರೆ ನಿಮ್ಮ ವೈದ್ಯರ ಮಾತು ಸರಿಯಾಗಿದೆ. ನಾನು ನಿಮ್ಮನ್ನು ಕಂಡಿಲ್ಲ, ಕಾಲೆತ್ತಿಸಿ ಪರೀಕ್ಷಿಸಿಲ್ಲ. ಪರೀಕ್ಷಿಸಿದವರ ಅಭಿಪ್ರಾಯ ನನ್ನದಕ್ಕಿಂತ ಹೆಚ್ಚು ತೂಕದ್ದು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನದನ್ನು ಓದಬೇಕು.

ಎಂಆರ್‌ಐಯಲ್ಲಿ ಡಿಸ್ಕ್ (ಬೆನ್ನುಮೂಳೆಯ ಎರಡು ಮೂಳೆಗಳ ನಡುವಿನ ಮೆತ್ತೆ), ನರ, ಮೂಳೆಯೊಳಗಿನ ಮಜ್ಜೆ, ಸ್ನಾಯು ಎಲ್ಲವೂ ಕಾಣುತ್ತವೆ, ನೋವು ಕಾಣುವುದಿಲ್ಲ. ಚಿತ್ರದಲ್ಲಿ ಕಂಡ ಬದಲಾವಣೆಯೇ ಈ ನೋವಿಗೆ ಕಾರಣವೆಂದು ಹೇಳಬೇಕಾದರೆ, ನೋವಿಲ್ಲದವರ ಬೆನ್ನು ಹೇಗೆ ಕಾಣುತ್ತದೆ ಎಂಬುದು ಮೊದಲು ಗೊತ್ತಿರಬೇಕು. ಅದನ್ನು ತಿಳಿಯಲೆಂದೇ 1994ರಲ್ಲಿ ಅಮೆರಿಕದ ವೈದ್ಯರು ಸೊಂಟನೋವೇ ಇಲ್ಲದ 98 ಜನರಿಗೆ ಎಂಆರ್‌ಐ ಮಾಡಿದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಒಂದಾದರೂ ಡಿಸ್ಕ್ ಉಬ್ಬಿತ್ತು. ಎಲ್ಲ ಡಿಸ್ಕ್‌ಗಳೂ ಸರಿಯಾಗಿದ್ದವರು ಶೇ 36ರಷ್ಟು ಮಾತ್ರ. 2015ರಲ್ಲಿ ಇಂತಹ 33 ಅಧ್ಯಯನಗಳನ್ನು, ಅಂದರೆ ನೋವಿಲ್ಲದ 3,110 ಜನರ ಚಿತ್ರಗಳನ್ನು, ಒಟ್ಟುಗೂಡಿಸಿ ನೋಡಿದಾಗ ಇಪ್ಪತ್ತರ ಹರೆಯದವರಲ್ಲೇ ಶೇ 37ರಷ್ಟು ಮಂದಿಗೆ ಡಿಸ್ಕ್ ಸವೆತದ ಗುರುತುಗಳಿದ್ದವು. ಎಂಬತ್ತರವರಲ್ಲಿ ಅದು ಶೇ 96. ಕತ್ತಿನ ಕಥೆಯೂ ಬೇರೆಯಲ್ಲ. ಜಪಾನಿನಲ್ಲಿ ಯಾವ ತೊಂದರೆಯೂ ಇಲ್ಲದ 1,211 ಸ್ವಯಂಸೇವಕರ ಕತ್ತನ್ನು ಎಂಆರ್‌ಐಯಲ್ಲಿ ನೋಡಿದಾಗ ಸುಮಾರು ಶೇ 88ರಷ್ಟು ಜನರಲ್ಲಿ ಡಿಸ್ಕ್ ಗಣನೀಯವಾಗಿ ಉಬ್ಬಿರುವುದು ಕಂಡಿತು.

ಅಂದರೆ ನಿಮ್ಮ ವಯಸ್ಸಿನಲ್ಲಿ ಏನೋ ಒಂದು ಕಂಡೇ ಕಾಣುತ್ತದೆ. ನನ್ನದೇ ಉದಾಹರಣೆ ಕೊಡುತ್ತೇನೆ. ಕೆಲವು ವರ್ಷಗಳ ಹಿಂದೆ ನನಗೂ ಸೊಂಟ ಹಿಡಿದಾಗ, ಯಂತ್ರ ಕೈಗೆಟುಕುವಂತಿದೆ ಎಂಬ ಒಂದೇ ಕಾರಣಕ್ಕೆ, ನಾನು ನಿಮಗೆ ಬೇಡವೆನ್ನುತ್ತಿರುವುದನ್ನೇ ಮಾಡಿಕೊಂಡೆ. ಕೆಳಗಿನ ಎರಡು ಡಿಸ್ಕ್‌ಗಳು ಉಬ್ಬಿದ್ದವು. ನಾಲ್ಕು ವಾರದಲ್ಲಿ ನೋವು ಹೋಯಿತು. ಮರುವರ್ಷ ಯಂತ್ರಕ್ಕೆ ಹೊಸ ಕಾಯಿಲ್ (ದೇಹದಿಂದ ಬರುವ ಸಂಕೇತಗಳನ್ನು ಹಿಡಿಯುವ ಭಾಗ) ಹಾಕಿದಾಗ ಅದರ ಪರೀಕ್ಷೆಗೆಂದು ನಾನೇ ಮಲಗಿದೆ. ಅದೇ ಎರಡು ಡಿಸ್ಕ್‌ಗಳು ಅದೇ ರೀತಿ ಉಬ್ಬಿಕೊಂಡಿದ್ದವು, ನೋವಿನ ಸುಳಿವೇ ಇರಲಿಲ್ಲ.

ಚಿತ್ರದಿಂದ ಪ್ರಯೋಜನವಾಗದಿದ್ದರೂ ಹಾನಿಯೇನು ಎಂದು ನಿಮ್ಮ ಮನೆಯವರು ಕೇಳಬಹುದು. ಹಾನಿ ಹೆಚ್ಚಾಗಿ ನಾವು ಬರೆಯುವ ಭಾಷೆಯಿಂದ ಬರುತ್ತದೆ. ‘ಡಿಸ್ಕ್ ಡೆಸಿಕೇಶನ್’ ಎಂದರೆ ಡಿಸ್ಕ್‌ನಲ್ಲಿ ನೀರಿನಂಶ ಕಡಿಮೆಯಾಗಿದೆ ಎಂದಷ್ಟೇ ಅರ್ಥ. ಕೂದಲು ನರೆಯುವಂತೆ ಅದೂ ವಯಸ್ಸಿನ ಲಕ್ಷಣ. ‘ಡಿಫ್ಯೂಸ್ ಬಲ್ಜ್ ಇಂಡೆಂಟಿಂಗ್ ದ ಥೀಕಲ್ ಸ್ಯಾಕ್’ ಎಂದರೆ ಉಬ್ಬಿದ ಡಿಸ್ಕ್ ನರಗಳನ್ನು ಸುತ್ತಿರುವ ನೀರಿನ ಚೀಲಕ್ಕೆ ತಾಗುತ್ತಿದೆ ಎಂದರ್ಥ. ನರ ನಜ್ಜುಗುಜ್ಜಾಗಿದೆ ಎಂದಲ್ಲ. ಇದೇ ವಾಕ್ಯ ರೋಗಿಯ ಮನೆ ತಲುಪುವ ಹೊತ್ತಿಗೆ ‘ಬೆನ್ನುಮೂಳೆಯಲ್ಲಿ ಗ್ಯಾಪ್ ಬಂದಿದೆ, ನರ ಒತ್ತಿದೆ, ಇನ್ನು ಬಗ್ಗುವಂತಿಲ್ಲ’ ಎಂದಾಗಿರುತ್ತದೆ. ಹಳ್ಳಿಯ ಶಾಲೆಯ ಶಿಕ್ಷಕಿಯೊಬ್ಬರು ಇಂತಹ ರಿಪೋರ್ಟನ್ನು ಓದಿ, ನೋವು ಎರಡೇ ತಿಂಗಳಲ್ಲಿ ಹೋಗಿದ್ದರೂ, ಮೂರು ವರ್ಷ ಬಿಂದಿಗೆ ಎತ್ತದೆ, ನೆಲದ ಮೇಲೆ ಕೂರದೆ, ಸೊಂಟದ ಬೆಲ್ಟ್ ಬಿಚ್ಚದೆ ಬದುಕಿದ್ದರು. ಆ ರಿಪೋರ್ಟ್ ಬರೆದವನು ನಾನೇ. ಅಂದಿನಿಂದ, ವಯಸ್ಸಿಗೆ ಸಹಜವಾದ ಬದಲಾವಣೆ ಕಂಡಲ್ಲಿ ಅದು ನೋವಿಲ್ಲದವರಲ್ಲೂ ಕಾಣುತ್ತದೆ ಎಂಬ ಒಂದು ಸಾಲನ್ನು ಸೇರಿಸುತ್ತಿದ್ದೇನೆ.

ಓದುವವರ ನಡುವೆಯೂ ಒಮ್ಮತವಿರುವುದಿಲ್ಲ ಎಂಬುದನ್ನು ನನ್ನ ವೃತ್ತಿಯವರು ಹೊರಗೆ ಹೇಳುವುದು ಕಡಿಮೆ. 2017ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 63 ವರ್ಷದ ಒಬ್ಬ ಮಹಿಳೆಗೆ ಮೂರು ವಾರಗಳೊಳಗೆ ಹತ್ತು ಬೇರೆ ಬೇರೆ ಕೇಂದ್ರಗಳಲ್ಲಿ ಸೊಂಟದ ಎಂಆರ್‌ಐ ಮಾಡಿಸಲಾಯಿತು. ಹತ್ತೂ ರಿಪೋರ್ಟ್‌ಗಳಲ್ಲಿ ಸೇರಿ 49 ಬಗೆಯ ದೋಷಗಳ ಉಲ್ಲೇಖವಿತ್ತು. ಅವುಗಳಲ್ಲಿ ಹತ್ತರಲ್ಲಿಯೂ ಸಮಾನವಾಗಿ ಕಂಡದ್ದು ಒಂದೂ ಇರಲಿಲ್ಲ.

ಬೇಗ ಸ್ಕ್ಯಾನ್ ಮಾಡಿಸಿದವರು ಬೇಗ ಗುಣವಾಗುತ್ತಾರೆಯೇ ಎಂಬುದನ್ನೂ ಪರೀಕ್ಷಿಸಿ ನೋಡಲಾಗಿದೆ. ಅಪಾಯದ ಲಕ್ಷಣಗಳಿಲ್ಲದ ಸೊಂಟನೋವಿನ 1,800ಕ್ಕೂ ಹೆಚ್ಚು ರೋಗಿಗಳನ್ನು ಒಳಗೊಂಡ ಆರು ಪ್ರಯೋಗಗಳನ್ನು 2009ರಲ್ಲಿ ಒಟ್ಟಾಗಿ ವಿಶ್ಲೇಷಿಸಿದಾಗ, ತಕ್ಷಣ ಚಿತ್ರ ತೆಗೆಸಿದವರಿಗೂ ತೆಗೆಸದವರಿಗೂ ನೋವಿನಲ್ಲಾಗಲಿ ಓಡಾಟದಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಬಹುಪಾಲು ಹೊಸ ಸೊಂಟನೋವು ಆರು ವಾರಗಳೊಳಗೆ ಬಹಳಷ್ಟು ತಗ್ಗುತ್ತದೆ. ವೈದ್ಯರು ಆರು ವಾರ ಎಂಬ ಗಡುವನ್ನು ಹೇಳುವುದು ಈ ಕಾರಣದಿಂದಲೇ ಹೊರತು ನಿಮ್ಮನ್ನು ಸಾಗಹಾಕಲು ಅಲ್ಲ. ನೋವು ಕಾಲಿನುದ್ದಕ್ಕೂ ಎಳೆಯುವ ಸಯಾಟಿಕಾ ಆದರೂ, ಕಾಲಿನ ಬಲ ಸರಿಯಾಗಿದ್ದು ನೋವು ಸಹಿಸುವಂತಿದ್ದರೆ, ಇದೇ ಗಡುವು ಸಾಮಾನ್ಯವಾಗಿ ಅನ್ವಯಿಸುತ್ತದೆ. ಹೊರಚಾಚಿ ನರವನ್ನು ಒತ್ತುತ್ತಿರುವ ಡಿಸ್ಕ್‌ನ ತುಣುಕನ್ನು ಬಹಳಷ್ಟು ಸಲ ದೇಹವೇ ನಿಧಾನವಾಗಿ ಕರಗಿಸಿಕೊಳ್ಳುತ್ತದೆ. ಸೋಜಿಗವೆಂದರೆ ಸ್ವಲ್ಪವೇ ಉಬ್ಬಿದ ಡಿಸ್ಕ್‌ಗಿಂತ, ಪೂರ್ತಿ ಕಳಚಿ ಬಿದ್ದ ದೊಡ್ಡ ತುಣುಕೇ ಕರಗಿಹೋಗುವ ಸಂಭವ ಹೆಚ್ಚು. ಆರು ವಾರಗಳ ನಂತರವೂ ಕಾಲುನೋವು ತಗ್ಗದೆ ಇಂಜೆಕ್ಷನ್ ಅಥವಾ ಶಸ್ತ್ರಚಿಕಿತ್ಸೆಯ ಮಾತು ಬಂದಾಗ ಎಂಆರ್‌ಐ ಬೇಕೇಬೇಕು, ಏಕೆಂದರೆ ಯಾವ ಕಡೆ, ಯಾವ ಮಟ್ಟದಲ್ಲಿ ಎಂಬುದು ತಿಳಿಯದೆ ಆ ಚಿಕಿತ್ಸೆ ಮಾಡಲಾಗುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ಒಂದು ದಿನವೂ ಕಾಯಬಾರದ ಸಂದರ್ಭಗಳನ್ನು ಹೇಳದಿದ್ದರೆ ನನ್ನ ಉತ್ತರ ಅಪಾಯಕಾರಿಯಾಗುತ್ತದೆ.

ಸೊಂಟದ ಕೆಳಭಾಗದಲ್ಲಿ ಕುದುರೆಯ ಬಾಲದಂತೆ ಇಳಿಯುವ ನರಗಳ ಗೊಂಚಲನ್ನು ದೊಡ್ಡ ಡಿಸ್ಕ್ ತುಣುಕು ಒಮ್ಮೆಲೇ ಒತ್ತಿದರೆ ಮೂತ್ರ, ಮಲಗಳ ಹಿಡಿತ ತಪ್ಪುತ್ತದೆ. ಮೂತ್ರ ತುಂಬಿದ್ದರೂ ಹೊರಬಾರದಿರುವುದು, ಬಂದದ್ದು ತಿಳಿಯದಿರುವುದು, ಸೈಕಲ್ ಸೀಟಿಗೆ ತಾಗುವ ಜಾಗವೆಲ್ಲ ಮರಗಟ್ಟುವುದು, ಎರಡೂ ಕಾಲುಗಳು ಸೋಲುವುದು ಇದರ ಲಕ್ಷಣಗಳು. ಶೌಚದ ನಂತರ ತೊಳೆದುಕೊಳ್ಳುವಾಗ ನೀರು ತಾಗಿದ್ದೇ ಗೊತ್ತಾಗುತ್ತಿಲ್ಲ ಎಂದು ಒಬ್ಬ ರೋಗಿ ಸಂಕೋಚದಿಂದ, ಕೇಳಿದ ಮೇಲಷ್ಟೇ ಹೇಳಿದರು. ಅವರ ಇಡೀ ಕಾಯಿಲೆಯ ಮುಖ್ಯ ಮಾತು ಅದೇ ಆಗಿತ್ತು. ಇಂತಹ ಲಕ್ಷಣವಿದ್ದರೆ ರಾತ್ರಿಯೇ ಆಗಲಿ, ಎಂಆರ್‌ಐ ಮತ್ತು ಶಸ್ತ್ರಚಿಕಿತ್ಸೆ ಎರಡೂ ಇರುವ ಆಸ್ಪತ್ರೆಗೆ ಹೋಗಬೇಕು. ಇಲ್ಲಿ ಲೆಕ್ಕಕ್ಕೆ ಬರುವುದು ಗಂಟೆಗಳು.

ಬಲ ಕುಂದುವುದು ಇನ್ನೊಂದು ತುರ್ತು. ಹಿಮ್ಮಡಿಯ ಮೇಲೆ ನಡೆಯಲು ಪ್ರಯತ್ನಿಸಿದಾಗ ಒಂದು ಪಾದದ ಮುಂಭಾಗ ಮೇಲೇಳದಿದ್ದರೆ, ಅಥವಾ ತುದಿಗಾಲಿನಲ್ಲಿ ಒಂದೇ ಕಾಲಿನ ಮೇಲೆ ನಿಲ್ಲಲಾಗದಿದ್ದರೆ, ನರದ ಕೆಲಸವೇ ಕೆಡುತ್ತಿದೆ ಎಂದರ್ಥ. ನೋವಿದ್ದರೂ ಅದು ಸಹಿಸುವಂತಿದ್ದು ಬಲ ಸರಿಯಾಗಿರುವವರು ಕಾಯಬಹುದು. ನೋವು ಕಡಿಮೆಯಿದ್ದರೂ ಬಲ ದಿನದಿಂದ ದಿನಕ್ಕೆ ಕುಂದುತ್ತಿರುವವರು ಕಾಯಬಾರದು.

ನಮ್ಮ ನಾಡಿನಲ್ಲಿ ವಿಶೇಷವಾಗಿ ನೆನಪಿಡಬೇಕಾದದ್ದು ಬೆನ್ನುಮೂಳೆಯ ಕ್ಷಯ. ಕ್ಷಯವೆಂದರೆ ಕೆಮ್ಮು, ಕಫ ಎಂದೇ ಜನರ ತಿಳಿವಳಿಕೆ. ಬೆನ್ನಿನ ಕ್ಷಯದಲ್ಲಿ ಕೆಮ್ಮು ಇರಲೇಬೇಕೆಂದಿಲ್ಲ. ನೋವು ಮಲಗಿದರೂ ಇಳಿಯುವುದಿಲ್ಲ, ರಾತ್ರಿ ಎಚ್ಚರಿಸುತ್ತದೆ, ವಾರದಿಂದ ವಾರಕ್ಕೆ ಏರುತ್ತದೆ. ಸಂಜೆಯ ಹೊತ್ತಿಗೆ ಸಣ್ಣ ಜ್ವರ, ಹಸಿವಿಲ್ಲದಿರುವುದು, ತೂಕ ಇಳಿಯುವುದು ಕೆಲವೊಮ್ಮೆ ಜೊತೆಗಿರುತ್ತವೆ. ಗಾರೆ ಕೆಲಸದ ಯುವಕನೊಬ್ಬ ಐದು ತಿಂಗಳು ಉಳುಕು ತೆಗೆಸಿಕೊಂಡು, ನೋವಿನ ಮಾತ್ರೆ ನುಂಗಿ, ಎಕ್ಸ್‌ರೇ ‘ನಾರ್ಮಲ್’ ಎಂದಿದ್ದರಿಂದ ನಿಶ್ಚಿಂತನಾಗಿದ್ದು, ಕೊನೆಗೆ ಗೋಡೆ ಹಿಡಿದು ನಡೆಯುತ್ತ ನಮ್ಮಲ್ಲಿಗೆ ಬಂದ. ಬೆನ್ನುಮೂಳೆಯ ಅಕ್ಕಪಕ್ಕದ ಎರಡು ಮೂಳೆಗಳು (ಕಶೇರುಗಳು) ಹಾಳಾಗಿ, ಪಕ್ಕದ ಸ್ನಾಯುವಿನಲ್ಲಿ ಕೀವು ತುಂಬಿತ್ತು. ಮೂಳೆಯ ಅಂಶ ಸಾಕಷ್ಟು ನಷ್ಟವಾಗುವವರೆಗೆ ಎಕ್ಸ್‌ರೇಯಲ್ಲಿ ಏನೂ ಕಾಣದು. ಎಂಆರ್‌ಐ ಅದಕ್ಕಿಂತ ಬಹಳ ಮೊದಲೇ ಹಿಡಿಯುತ್ತದೆ. ಸೂಜಿಯಿಂದ ಮಾದರಿ ತೆಗೆದು ಖಚಿತಪಡಿಸಿಕೊಂಡ ಮೇಲೆ ಬಹುತೇಕರಿಗೆ ಮಾತ್ರೆಗಳಲ್ಲೇ ಗುಣವಾಗುತ್ತದೆ, ಅವನಿಗೂ ಆಯಿತು. ಆದರೆ ಬೆನ್ನು ಸ್ವಲ್ಪ ಗೂನಾಗಿಯೇ ಉಳಿಯಿತು. ಕುರಿ, ದನಗಳ ನಡುವೆ ದುಡಿಯುವವರಿಗೆ ಮತ್ತು ಕಾಯಿಸದ ಹಾಲು ಕುಡಿಯುವವರಿಗೆ ಬರುವ ಬ್ರುಸೆಲ್ಲೋಸಿಸ್ ಎಂಬ ಸೋಂಕು ಕೂಡ ಜ್ವರದೊಂದಿಗೆ ಬೆನ್ನನ್ನು ಹಿಡಿಯುತ್ತದೆ. ಇಂತಹ ಶಂಕೆಯಿದ್ದಾಗ ದೇಹದಲ್ಲಿ ಉರಿಯೂತವಿದೆಯೇ ಎಂದು ತಿಳಿಸುವ ಇಎಸ್‌ಆರ್, ಸಿಆರ್‌ಪಿ ಎಂಬ ಅಗ್ಗದ ರಕ್ತಪರೀಕ್ಷೆಗಳನ್ನು ವೈದ್ಯರು ಮೊದಲು ಬರೆದರೆ ಅದನ್ನು ಕಾಲಹರಣವೆಂದು ಭಾವಿಸಬೇಡಿ.

ಹಿಂದೆ ಕ್ಯಾನ್ಸರ್ ಆಗಿದ್ದವರಿಗೆ ಹೊಸದಾಗಿ ಬೆನ್ನುನೋವು ಶುರುವಾದರೆ ಆರು ವಾರದ ಗಡುವು ಅನ್ವಯಿಸುವುದಿಲ್ಲ. ವಯಸ್ಸಾದ ಹೆಂಗಸರು ಬಚ್ಚಲಲ್ಲಿ ಜಾರಿ ಕುಳಿತ ಮೇಲೆ ಶುರುವಾದ ನೋವಿಗೂ ಅದು ಅನ್ವಯಿಸದು. ಅಂತಹವರ ಮೂಳೆ ಸಣ್ಣ ಪೆಟ್ಟಿಗೇ ಕುಸಿದಿರಬಹುದು, ಮೊದಲು ಎಕ್ಸ್‌ರೇ ಸಾಕು. ವರ್ಷಗಟ್ಟಲೆ ಸ್ಟೀರಾಯ್ಡ್ ತೆಗೆದುಕೊಂಡವರ ಮೂಳೆಯೂ ಹೀಗೆಯೇ ಟೊಳ್ಳಾಗಿರುತ್ತದೆ. ಕೀಲುನೋವಿಗೆಂದು ಹೆಸರು, ಲೇಬಲ್ ಇಲ್ಲದ ಪುಡಿ ತಿನ್ನುವವರು ತಾವು ಸ್ಟೀರಾಯ್ಡ್ ತಿನ್ನುತ್ತಿರಬಹುದು ಎಂಬುದನ್ನೇ ಅರಿಯರು, ಆದ್ದರಿಂದ ಆ ಪುಡಿಯ ಸಂಗತಿಯನ್ನು ಮುಚ್ಚಿಡದೆ ವೈದ್ಯರಿಗೆ ಹೇಳಬೇಕು.

ಇನ್ನೊಂದು ಬಗೆಯ ನೋವಿಗೆ ಚಿತ್ರ ಬೇಕು, ಆದರೆ ಜನ ಮಾಡಿಸುವ ಚಿತ್ರವಲ್ಲ. ಇಪ್ಪತ್ತು, ಮೂವತ್ತರ ಹರೆಯದಲ್ಲಿ ಮೆಲ್ಲಗೆ ಶುರುವಾಗಿ ಮೂರು ತಿಂಗಳು ಮೀರಿದ, ಬೆಳಿಗ್ಗೆ ಎದ್ದಾಗ ಅರ್ಧ ಗಂಟೆಗೂ ಹೆಚ್ಚು ಬೆನ್ನು ಬಿಗಿದುಕೊಂಡು ನಡೆದಾಡಿದ ಮೇಲೆ ಸಡಿಲವಾಗುವ, ವಿಶ್ರಾಂತಿಯಿಂದ ಹೆಚ್ಚಾಗುವ ನೋವು ಉರಿಯೂತದ ಸಂಧಿವಾತವಾಗಿರಬಹುದು. ಅಲ್ಲಿ ನೋಡಬೇಕಾದದ್ದು ಸೊಂಟದ ಕೆಳಗಿನ ಸೇಕ್ರೋಇಲಿಯಾಕ್ ಕೀಲುಗಳನ್ನು. ಸೊಂಟದ ಡಿಸ್ಕ್‌ಗಳ ಎಂಆರ್‌ಐಯನ್ನು ಎರಡೆರಡು ಸಲ ಮಾಡಿಸಿ, ರೋಗ ಪತ್ತೆಯಾಗದೆ ವರ್ಷಗಳನ್ನು ಕಳೆದವರನ್ನು ನಾನು ನೋಡಿದ್ದೇನೆ.

ಈಗ ನಿಮ್ಮ ಕತ್ತಿನ ವಿಚಾರ. ಕಂಪ್ಯೂಟರಿನ ಮುಂದೆ ಕುಳಿತಾಗ ಹೆಚ್ಚಾಗಿ, ಭುಜದವರೆಗೆ ಬಿಗಿತ ತಂದು, ಮತ್ತೆ ತಾನಾಗಿ ಇಳಿಯುವ ನೋವಿಗೆ ಚಿತ್ರದ ಅಗತ್ಯವಿಲ್ಲ. ಕತ್ತಿನಲ್ಲಿ ನಾವು ಹೆದರುವುದು ನೋವಿಗಿಂತ ಹೆಚ್ಚಾಗಿ ಬೆನ್ನುಹುರಿ ಒತ್ತಲ್ಪಡುವುದಕ್ಕೆ. ಅದರಲ್ಲಿ ನೋವು ಅಲ್ಪವಾಗಿರಬಹುದು, ಇಲ್ಲದೆಯೂ ಇರಬಹುದು. ಅಂಗಿಯ ಗುಂಡಿ ಹಾಕಿಕೊಳ್ಳಲು ಬೆರಳು ತಡವರಿಸುವುದು, ಅನ್ನ ಕಲಸಿ ತುತ್ತು ಮಾಡಲು ಕಷ್ಟವಾಗುವುದು, ಸಹಿ ಬದಲಾಗುವುದು, ಕತ್ತಲಲ್ಲಿ ನಡೆಯುವಾಗ ಓಲಾಡುವುದು ಇದರ ಗುರುತುಗಳು. ಕಾಲಿನಿಂದ ಚಪ್ಪಲಿ ಜಾರಿ ಹಿಂದೆ ಉಳಿದರೂ ಗೊತ್ತಾಗದೆ ಮುಂದೆ ಹೋಗುತ್ತೀರಾ ಎಂದು ನಮ್ಮಲ್ಲಿ ವೈದ್ಯರು ಕೇಳುವುದುಂಟು. ಬೂಟು ಹಾಕುವವರ ದೇಶದ ಪಠ್ಯಪುಸ್ತಕಗಳಲ್ಲಿ ಈ ಪ್ರಶ್ನೆಗೆ ಅಷ್ಟು ಸ್ಥಾನವಿಲ್ಲ, ಆದರೆ ನಮ್ಮ ರೋಗಿಗಳಿಗೆ ಇದಕ್ಕಿಂತ ಚೆನ್ನಾಗಿ ಅರ್ಥವಾಗುವ ಪ್ರಶ್ನೆಯಿಲ್ಲ. ಉತ್ತರ ಹೌದು ಎಂದಾದರೆ ಕತ್ತಿನ ಎಂಆರ್‌ಐ ತಡ ಮಾಡಬಾರದು.

ಪೆಟ್ಟು ಬಿದ್ದ ಕತ್ತಿನ ಲೆಕ್ಕಾಚಾರ ಬೇರೆ. ಕೆನಡಾದ ವೈದ್ಯರು 2001ರಲ್ಲಿ ರೂಪಿಸಿದ ನಿಯಮವೊಂದನ್ನು ತುರ್ತು ವಿಭಾಗಗಳಲ್ಲಿ ವ್ಯಾಪಕವಾಗಿ ಬಳಸುತ್ತಾರೆ. ಪೂರ್ತಿ ಎಚ್ಚರವಿರುವ ಗಾಯಾಳುವಿಗೆ 65 ವರ್ಷ ಆಗಿದ್ದರೆ, ಒಂದು ಮೀಟರಿಗಿಂತ ಎತ್ತರದಿಂದ ಬಿದ್ದಂತಹ ಅಪಾಯಕರ ಅಪಘಾತವಾಗಿದ್ದರೆ, ಅಥವಾ ಕೈಕಾಲು ಜುಮುಗುಟ್ಟುತ್ತಿದ್ದರೆ ಚಿತ್ರ ತೆಗೆಯಲೇಬೇಕು. ಇವಾವುದೂ ಇಲ್ಲದೆ, ಹಿಂದಿನಿಂದ ಸಣ್ಣದಾಗಿ ಕಾರು ತಾಗಿದಂತಹ ಕಡಿಮೆ ಅಪಾಯದ ಸಂದರ್ಭವಾಗಿದ್ದು, ಕತ್ತನ್ನು ಎಡಕ್ಕೂ ಬಲಕ್ಕೂ 45 ಡಿಗ್ರಿ ತಾನೇ ತಿರುಗಿಸಲು ಸಾಧ್ಯವಾದರೆ ಬೇಡ. ಅಡಿಕೆ ಮರದಿಂದ ಬಿದ್ದವರನ್ನು, ಬೈಕಿನಿಂದ ಎಸೆಯಲ್ಪಟ್ಟವರನ್ನು ಎಬ್ಬಿಸಿ ಕೂರಿಸಿ ನೀರು ಕುಡಿಸುವ ಬದಲು ಕತ್ತು ಅಲುಗದಂತೆ ಮಲಗಿಸಿಯೇ ತರಬೇಕೆಂದು ಇಲ್ಲಿಯೇ ಹೇಳಿಬಿಡುತ್ತೇನೆ. ಇವರಿಗೆ ಮೊದಲು ಬೇಕಾದದ್ದು ಸಿ.ಟಿ. ಸ್ಕ್ಯಾನ್, ಏಕೆಂದರೆ ಮುರಿದ ಮೂಳೆ ಅದರಲ್ಲಿ ಚೆನ್ನಾಗಿ ಕಾಣುತ್ತದೆ.

ಎಂಆರ್‌ಐ ದುಬಾರಿ, ಒಂದು ಎಕ್ಸ್‌ರೇಯಾದರೂ ತೆಗೆಸೋಣ ಎಂಬ ರಾಜಿಯ ಮಾತನ್ನೂ ಕೇಳುತ್ತಿರುತ್ತೇನೆ. ಎಕ್ಸ್‌ರೇಯಲ್ಲಿ ಡಿಸ್ಕ್ ಆಗಲಿ ನರವಾಗಲಿ ಕಾಣುವುದೇ ಇಲ್ಲ, ಮೂಳೆ ಮಾತ್ರ ಕಾಣುತ್ತದೆ. ಸೊಂಟದ ಎಕ್ಸ್‌ರೇಯಿಂದ ದೇಹಕ್ಕೆ ತಗಲುವ ವಿಕಿರಣವೋ ಎದೆಯ ಎಕ್ಸ್‌ರೇಯ ಹತ್ತು ಪಟ್ಟಿಗೂ ಹೆಚ್ಚು. ಮೂಳೆ ಮುರಿದಿರುವ ಅನುಮಾನವಿಲ್ಲದ 41ರ ವ್ಯಕ್ತಿಗೆ ಅದರಿಂದ ಸಿಗುವ ಉತ್ತರ ಯಾವುದೂ ಇಲ್ಲ.

ಇಡೀ ಬೆನ್ನುಮೂಳೆಯ ಪ್ಯಾಕೇಜ್ ಬಗ್ಗೆ ಕೇಳಿದ್ದೀರಿ. ‘ಹೋಲ್ ಸ್ಪೈನ್ ಸ್ಕ್ರೀನಿಂಗ್’ ಎಂದು ಕಡಿಮೆ ದರಕ್ಕೆ ಕೊಡುವುದರಲ್ಲಿ ಸಾಮಾನ್ಯವಾಗಿ ಉದ್ದಕ್ಕೆ ಸೀಳಿದಂತೆ ತೆಗೆದ ಕೆಲವೇ ಚಿತ್ರಗಳಿರುತ್ತವೆ. ಕ್ಷಯ ಅಥವಾ ಕ್ಯಾನ್ಸರ್ ಒಂದು ಕಡೆ ಕಂಡಾಗ ಬೇರೆ ಮಟ್ಟಗಳಲ್ಲಿಯೂ ಇದೆಯೇ ಎಂದು ಹುಡುಕಲು ಅದು ಬಹಳ ಉಪಯುಕ್ತ. ಸಿಲಿಂಡರ್ ಎತ್ತಿ ಹಿಡಿದ ಸೊಂಟಕ್ಕೆ ಅದು ಉಬ್ಬು, ಸವೆತಗಳ ಪಟ್ಟಿಯನ್ನು ಉದ್ದ ಮಾಡುತ್ತದೆ, ಅಷ್ಟೇ.

ಸದ್ಯಕ್ಕೆ ನೀವು ಮಾಡಬೇಕಾದದ್ದು ಹಾಸಿಗೆ ಹಿಡಿಯದೆ ನಡೆದಾಡುತ್ತಿರುವುದು, ವೈದ್ಯರು ಹೇಳಿದ ವ್ಯಾಯಾಮವನ್ನು ಬಿಡದಿರುವುದು, ಇನ್ನು ಮೂರು ವಾರಗಳ ನಂತರ ಅವರನ್ನೇ ಮತ್ತೆ ಕಾಣುವುದು. ಅಷ್ಟರೊಳಗೆ ಮೇಲೆ ಹೇಳಿದ ಯಾವುದಾದರೂ ಲಕ್ಷಣ ಕಂಡರೆ ಆ ದಿನವೇ ಹೋಗಿರಿ. ಆಗ ಅವರು ಎಂಆರ್‌ಐ ಬರೆದುಕೊಟ್ಟರೆ, ಚೀಟಿಯಲ್ಲಿ ಬರೀ ‘ಎಂಆರ್‌ಐ ಸೊಂಟ’ ಎಂದಿರದೆ, ನೋವು ಯಾವ ಕಾಲಿಗೆ ಇಳಿಯುತ್ತದೆ, ಎಲ್ಲಿ ಮರಗಟ್ಟಿದೆ, ಎಷ್ಟು ದಿನದಿಂದ ಎಂಬುದೂ ಇರುವಂತೆ ಕೇಳಿಕೊಳ್ಳಿ. ಬಲಗಾಲಿನ ಹೆಬ್ಬೆರಳು ಮೇಲೇಳುತ್ತಿಲ್ಲ ಎಂದು ಬರೆದಿದ್ದರೆ ನಾನು ಆ ಒಂದು ನರದ ದಾರಿಯನ್ನು ಹಿಡಿದು ನೋಡುತ್ತೇನೆ, ಇಲ್ಲದಿದ್ದರೆ ಕಂಡದ್ದನ್ನೆಲ್ಲ ಬರೆಯುತ್ತೇನೆ.

ಕೊನೆಯದಾಗಿ ನಿಮ್ಮ ಲೇತ್ ಕೆಲಸ. ಪೇಸ್‌ಮೇಕರ್ ಇರುವವರು ಹೇಳಬೇಕೆಂಬುದು ಎಲ್ಲರಿಗೂ ಗೊತ್ತಿದೆ, ಇದು ಗೊತ್ತಿರುವುದಿಲ್ಲ: ಲೇತ್, ಗ್ರೈಂಡಿಂಗ್, ವೆಲ್ಡಿಂಗ್ ಮಾಡಿದವರ ಕಣ್ಣಿನಲ್ಲಿ ಎಂದೋ ಸಿಡಿದ ಕಬ್ಬಿಣದ ಕಣ ಉಳಿದಿದ್ದರೆ ಎಂಆರ್‌ಐಯ ಅಯಸ್ಕಾಂತ ಅದನ್ನು ಸೆಳೆದು ಕಣ್ಣಿಗೆ ಪೆಟ್ಟು ಮಾಡಬಲ್ಲದು. ಎಂದಾದರೂ ಕಣ್ಣಿಗೆ ಲೋಹದ ಚೂರು ಸಿಡಿದು ವೈದ್ಯರಿಂದ ತೆಗೆಸಿಕೊಂಡ ನೆನಪಿದ್ದರೆ ಯಂತ್ರದ ಕೋಣೆಯ ಬಾಗಿಲಿನಲ್ಲಿಯೇ ಟೆಕ್ನಿಷಿಯನ್‌ಗೆ ತಿಳಿಸಿ; ಮೊದಲು ಕಣ್ಣುಗುಳಿಯ ಒಂದು ಎಕ್ಸ್‌ರೇ ತೆಗೆದು ನೋಡಿ ಆಮೇಲೆ ನಿಮ್ಮನ್ನು ಒಳಗೆ ಬಿಡುತ್ತಾರೆ.